ಪೆಟ್ಟಿಗೆ ತುಂಬ ಹಪ್ಪಳ, ಕಾಗದ ಎಲ್ಲಿ?

ಶಿರಸಿ ಹತ್ತಿರದ ಒಂದು ಮನೆಯ ಜಗಲಿಯಲ್ಲಿ ನಾಲ್ಕು ಸೂಟ್‌ಕೇಸ್‌ಗಳನ್ನು ಅಡಕೆ ತೂಗುವ ತಕ್ಕಡಿಗೆ ಹಾಕುವುದನ್ನು ಈಗಷ್ಟೇ ನೋಡಿ ಬಂದೆ. ಮದುವೆಯಾಗಿ ಐದು ತಿಂಗಳಾದ ಜೋಡಿ. ಒಂದೂವರೆ ವರ್ಷದ ಮಟ್ಟಿಗೆ ಜರ್ಮನಿಯ ಮ್ಯೂನಿಕ್‌ಗೆ ಹೊರಟಿದ್ದಾರೆ. ತಲಾ 23 ಕಿಲೋದ ಎರಡೆರಡು ಪೆಟ್ಟಿಗೆ. ಒಳಗೆ ಅಪ್ಪೆಮಿಡಿ, ಹಲಸಿನ ಹಪ್ಪಳ, ಜೋನಿಬೆಲ್ಲ, ಎರಡು ಕಿಲೋ ತುಪ್ಪ, ಐದು ಲೀಟರಿನ ಕುಕ್ಕರ್. "ಅಲ್ಲಿ ಎಂತೂ ಸಿಗ್ತಿಲ್ಲೆ, ಇದೊಂದು ಇರ್ಲಿ" ಅಂತ ಆಯಿ ಇನ್ನೊಂದು ಪೊಟ್ಟಣ ತುರುಕುತ್ತಿದ್ದಳು. ಮದುವೆ ನೋಂದಣಿ ಪತ್ರ ಎಲ್ಲಿ ಅಂತ ಕೇಳಿದೆ. "ಮೊಬೈಲಲ್ಲಿ ಫೋಟೋ ಇದ್ದು" ಅಂದ ಮಾಣಿ.

ಸಿಟ್ಟು ನೆತ್ತಿಗೇರಿತು. 

ಜರ್ಮನಿಯಲ್ಲಿ ಹೊಟ್ಟೆಪಾಡು ಕಷ್ಟವಲ್ಲ ಮಾರಾಯ್ರೆ. ತೊಗರಿಬೇಳೆ, ಅಕ್ಕಿ, ಇಂಗು ಎಲ್ಲಾ ದೊಡ್ಡ ಊರಲ್ಲೂ ಸಿಗುತ್ತದೆ. ಸಿಗದೇ ಇರುವುದು ಒಂದೇ, ನೀವು ಊರಲ್ಲಿ ಬಿಟ್ಟು ಹೋದ ಕಾಗದ.

ಹೊಸ ಮನೆಗೆ ಕಾಲಿಟ್ಟ ಎರಡು ವಾರದೊಳಗೆ ಅಲ್ಲಿನ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಅದಕ್ಕೆ ಆನ್‌ಮೆಲ್ಡುಂಗ್ ಅನ್ನುತ್ತಾರೆ. ಪಾಸ್‌ಪೋರ್ಟ್ ಜೊತೆಗೆ ಮನೆ ಮಾಲೀಕನ ಸಹಿ ಇರುವ ಒಂದು ಹಾಳೆ ಬೇಕು. ಅದರ ಹೆಸರು ವೋನುಂಗ್ಸ್‌ಗೇಬರ್‌ಬೆಸ್ಟೇಟಿಗುಂಗ್. (ಹೇಳಲು ಬರದಿದ್ದರೆ ಚೀಟಿಯಲ್ಲಿ ಬರೆದುಕೊಂಡು ಹೋಗಿ.) ಬಾಡಿಗೆ ಕರಾರು ತೋರಿಸಿದರೆ ನಡೆಯುವುದಿಲ್ಲ, ಈ ಹಾಳೆಯೇ ಬೇಕು. ತಾತ್ಕಾಲಿಕವಾಗಿ ಹೋಗುವವರು ಬೀಳುವ ಹೊಂಡವೂ ಇಲ್ಲೇ ಇದೆ. ಮೊದಲ ತಿಂಗಳಿಗೆ ಅಂತ ಹಿಡಿಯುವ ಕೆಲವು ಸಜ್ಜಿತ ಕೋಣೆಗಳ ಮಾಲೀಕರು ಈ ಹಾಳೆ ಕೊಡುವುದೇ ಇಲ್ಲ. ಮುಂಗಡ ಕೊಡುವ ಮೊದಲೇ ಬರಹದಲ್ಲಿ ಕೇಳಿಕೊಳ್ಳಬೇಕು.

ನೋಂದಣಿಯಾದ ಮೇಲೆ ತೆರಿಗೆ ಸಂಖ್ಯೆ ಬರುತ್ತದೆ. ಅಂಚೆಯಲ್ಲಿ! ಬ್ಯಾಂಕ್ ಕಾರ್ಡ್ ಒಂದು ಲಕೋಟೆಯಲ್ಲಿ, ಅದರ ಪಿನ್ ಇನ್ನೊಂದರಲ್ಲಿ. ಆರೋಗ್ಯ ವಿಮೆಯ ಕಾರ್ಡೂ ಅಂಚೆಯಲ್ಲೇ. ಅಲ್ಲಿನ ವಿಳಾಸದಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ನಂಬರ್ ಇರುವುದಿಲ್ಲ. ಬೀದಿ, ಕಟ್ಟಡದ ನಂಬರ್, ಅಷ್ಟೆ. ಅಂಚೆಯವನು ಕೆಳಗಿನ ಡಬ್ಬಿಗಳ ಮೇಲೆ ಹೆಸರು ಹುಡುಕುತ್ತಾನೆ. ಕಾಣದಿದ್ದರೆ ಕಾಗದ ವಾಪಸ್ಸು. ಗಂಡನ ಪಾಸ್‌ಪೋರ್ಟಲ್ಲಿ ಹೆಗಡೆ, ಹೆಂಡತಿಯದರಲ್ಲಿ ಇನ್ನೂ ತವರಿನ ಭಟ್ ಅಂತಿದ್ದರೆ ಡಬ್ಬಿಯ ಮೇಲೂ ಕರೆಗಂಟೆಯ ಮೇಲೂ ಎರಡೂ ಹೆಸರು ಅಂಟಿಸಬೇಕು. ಇಲ್ಲದಿದ್ದರೆ ಅವಳ ಪಾಲಿನ ಕಾಗದ ಒಂದೂ ಮುಟ್ಟುವುದಿಲ್ಲ.

ಹೆಸರಿನ ವಿಷಯ ಬಂತಲ್ಲ, ನಮ್ಮ ಜಿಲ್ಲೆಯ ರೋಗವೇ ಅದು. ಭಟ್‌ಗೆ ಶಾಲೆಯಲ್ಲಿ ಒಂದು ಟಿ, ಆಧಾರ್‌ನಲ್ಲಿ ಎರಡು. ಹೆಗಡೆಯ ನಡುವೆ ಒಂದು ಕಡೆ ಎ ಇದೆ, ಇನ್ನೊಂದು ಕಡೆ ಇಲ್ಲ. ಅಂಕೋಲೆ, ಕಾರವಾರದ ಕಡೆಯ ನಾಯ್ಕರಿಗೆ ಪಾಸ್‌ಪೋರ್ಟಲ್ಲಿ ಐ, ಮದುವೆ ಪತ್ರದಲ್ಲಿ ವೈ. ಇಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅಲ್ಲಿಯ ಗುಮಾಸ್ತನಿಗೆ ಮಾತ್ರ ಅವರು ಇಬ್ಬರು ಬೇರೆ ಬೇರೆ ಮನುಷ್ಯರು. ಉಪನೋಂದಣಾಧಿಕಾರಿ ಕಚೇರಿಯ ಪತ್ರ ಕೈಗೆ ಬಂದ ದಿನವೇ ಪಾಸ್‌ಪೋರ್ಟ್ ಪಕ್ಕಕ್ಕಿಟ್ಟು ಅಕ್ಷರ ಅಕ್ಷರ ನೋಡಿ. ಕಲ್ಯಾಣ ಮಂಟಪದ ರಸೀದಿ, ಮಠದ ಚೀಟಿ ಲೆಕ್ಕಕ್ಕಿಲ್ಲ.

ಮದುವೆ ಪತ್ರ ಯಾಕೆ ಅಷ್ಟು ಮುಖ್ಯ ಅಂದರೆ, ಅದರ ಮೇಲೆ ದುಡ್ಡು ನಿಂತಿದೆ. ಮೂಲ ಪ್ರತಿಯೂ ಪ್ರಮಾಣಿತ ಅನುವಾದಕರ ಜರ್ಮನ್ ಅನುವಾದವೂ ಇಲ್ಲದಿದ್ದರೆ ದಾಖಲೆಯಲ್ಲಿ ಮಾಣಿ ಬ್ರಹ್ಮಚಾರಿ, ಸಂಬಳದಿಂದ ಎಷ್ಟು ತೆರಿಗೆ ಕಡಿಯಬೇಕು ಅಂತ ಹೇಳುವ ವರ್ಗಗಳಲ್ಲಿ ಒಂದನೆಯದು. ಒಬ್ಬರೇ ದುಡಿಯುವ ದಂಪತಿ ದುಡಿಯುವವರಿಗೆ ಮೂರನೇ ವರ್ಗ, ಇನ್ನೊಬ್ಬರಿಗೆ ಐದನೇ ವರ್ಗ ಆರಿಸಿಕೊಂಡರೆ ಪ್ರತಿ ತಿಂಗಳ ಕಡಿತ ಎದ್ದು ಕಾಣುವಷ್ಟು ಇಳಿಯುತ್ತದೆ. ತೆರಿಗೆ ಸಂಖ್ಯೆಯನ್ನೇ ಕೊಡದೆ ಕುಳಿತರೆ ಕೊನೆಗೆ ಆರನೇ ವರ್ಗ, ಎಲ್ಲಕ್ಕಿಂತ ಹೆಚ್ಚು ಕಡಿತ. ಸರ್ಕಾರಿ ಆರೋಗ್ಯ ವಿಮೆಯಲ್ಲಿ ಗಳಿಕೆಯಿಲ್ಲದ ಹೆಂಡತಿಗೆ ಬೇರೆ ಕಂತಿಲ್ಲ, ಅದಕ್ಕೂ ಇದೇ ಪತ್ರ. ಮೂರು ಕಿಲೋ ಉಪ್ಪಿನಕಾಯಿಗೆ ಜಾಗ ಇದೆ, ಮೂರು ಹಾಳೆಗೆ ಇಲ್ಲ.

ಇನ್ನು ಆ ತುಪ್ಪ. ಹಾಲು, ಹಾಲಿನಿಂದ ಮಾಡಿದ್ದು, ಮಾಂಸ ಇವನ್ನು ಭಾರತದಿಂದ ಸಾಮಾನಿನಲ್ಲಿ ಯುರೋಪಿಗೆ ಒಯ್ಯುವ ಹಾಗಿಲ್ಲ. ಆಯಿ ಕಾಸಿದ ತುಪ್ಪ ಅಂತ ಹೇಳಿದರೆ ಕಸ್ಟಮ್ಸ್‌ನವರ ಮನಸ್ಸು ಕರಗುವುದಿಲ್ಲ. ಪೇಡೆಯ ಕತೆಯೂ ಅದೇ. ತಮಾಷೆ ನೋಡಿ, ಕಾರವಾರದ ಒಣಮೀನಿಗೆ ತಲೆಗೆ 20 ಕಿಲೋವರೆಗೂ ಅಡ್ಡಿಯಿಲ್ಲ! (ಪೆಟ್ಟಿಗೆಯಲ್ಲಿರುವ ಅಂಗಿಗಳ ಗತಿ ನಿಮಗೆ ಬಿಟ್ಟಿದ್ದು.) ತೆಂಗಿನಕಾಯಿ, ಬಾಳೆಹಣ್ಣಿಗೆ ರೋಗ, ಕೀಟ ಇಲ್ಲ ಅನ್ನುವ ಸಸ್ಯ ಆರೋಗ್ಯ ಪತ್ರ ಬೇಡ, ಹಸಿ ಮಾವಿನಕಾಯಿ, ಕರಿಬೇವಿನ ಸೊಪ್ಪಿಗೆ ಬೇಕು. ಒಣಕೊಬ್ಬರಿ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವ ಜಾತಿಯದು ಅಂತ ವಿಮಾನ ಸಾಗಣೆಯ ನಿಯಮದಲ್ಲೇ ಇದೆ. ಅದನ್ನು ತೆಗೆಸುವುದು ಇಲ್ಲಿಯ ನಿಲ್ದಾಣದಲ್ಲೇ.

ಕುಕ್ಕರ್ ಒಯ್ಯಿರಿ, ಆದರೆ ತಳ ನೋಡಿ. ಅಲ್ಲಿ ಗ್ಯಾಸ್ ಒಲೆ ಕಡಿಮೆ, ಗಾಜಿನ ಒಲೆ ಇಲ್ಲವೇ ಇಂಡಕ್ಷನ್. ಬರೀ ಅಲ್ಯೂಮಿನಿಯಂ ತಳ ಇಂಡಕ್ಷನ್ ಮೇಲೆ ಬೆಚ್ಚಗೂ ಆಗುವುದಿಲ್ಲ. ಅಯಸ್ಕಾಂತ ಅಂಟಿದರೆ ಸರಿ. ಮಿಕ್ಸರ್ ಅಲ್ಲಿಯ 230 ವೋಲ್ಟ್‌ಗೆ ಓಡುತ್ತದೆ, ನಮ್ಮ ಮೂರು ಕಡ್ಡಿಯ ಪ್ಲಗ್‌ಗೆ ಮಾತ್ರ ಅಡಾಪ್ಟರ್ ಬೇಕು. ಚಳಿಗಾಲದಲ್ಲಿ ಕಿಟಕಿ ಮುಚ್ಚಿಕೊಂಡು ದಿನಾ ಅನ್ನ, ಸಾರು ಕುದಿಸಿದರೆ ಆವಿ ತಣ್ಣನೆಯ ಹೊರಗೋಡೆಯ ಮೂಲೆಯಲ್ಲಿ ನೀರಾಗಿ ಕೂತು ಕರಿಬೂಷ್ಟು ಹಿಡಿಯುತ್ತದೆ. ನಮ್ಮ ಮಳೆಗಾಲದ ಗೋಡೆಯ ಹಾಗೇ, ಆದರೆ ಅಲ್ಲಿ ಬಾಡಿಗೆದಾರನೇ ಹೊಣೆ ಅಂತ ಮಾಲೀಕ ಠೇವಣಿಗೆ ಕೈ ಹಾಕುತ್ತಾನೆ. ದಿನಕ್ಕೆ ಎರಡು ಮೂರು ಸಲ ಐದು ಹತ್ತು ನಿಮಿಷ ಕಿಟಕಿ ಪೂರ್ತಿ ತೆರೆಯಬೇಕು. ಚೂರೇ ಓರೆ ಮಾಡಿ ದಿನವಿಡೀ ಬಿಟ್ಟರೆ ಗೋಡೆ ತಣ್ಣಗಾಗುತ್ತದೆಯೇ ಹೊರತು ತೇವ ಹೋಗುವುದಿಲ್ಲ. ಒಂದೇ ಕೋಣೆಯ ಮನೆಯಾದರೆ ಮೆಣಸಿನ ಒಗ್ಗರಣೆ ಚಟಪಟ ಅನ್ನುವ ಮೊದಲೇ ಹೊಗೆ ಗಂಟೆ ಕೂಗುತ್ತದೆ.

"ಕಂಪನಿಯವರು ಎಲ್ಲಾ ನೋಡ್ಕತ್ತ" ಅಂತ ಮಾವ ಅಂದರು. ನೋಡಿಕೊಳ್ಳುತ್ತಾರೆ, ಇಲ್ಲ ಅಂದವರಾರು? ವೀಸಾ, ಟಿಕೆಟ್, ಮೊದಲ ತಿಂಗಳ ಕೋಣೆ. ಕಂಪನಿಯೇ ಕಳಿಸಿದ್ದಾದರೆ ಇಲ್ಲಿಯ ಭವಿಷ್ಯ ನಿಧಿ ಕಚೇರಿಯಿಂದ ಇವರು ಇಲ್ಲಿಯ ನಿಧಿಯಲ್ಲೇ ಇದ್ದಾರೆ ಅನ್ನುವ ವ್ಯಾಪ್ತಿ ಪ್ರಮಾಣಪತ್ರವನ್ನೂ ತರಿಸಬೇಕು. 2017ರಿಂದ ಜಾರಿಯಲ್ಲಿರುವ ಭಾರತ-ಜರ್ಮನಿ ಒಪ್ಪಂದದಂತೆ ಆ ಪತ್ರ ಇದ್ದವರಿಗೆ 48 ತಿಂಗಳವರೆಗೆ ಅಲ್ಲಿಯ ಪಿಂಚಣಿ ಕಡಿತವಿಲ್ಲ. ಅದನ್ನು ಕೇಳಿದ್ದೀಯಾ ತಮಾ ಅಂದರೆ ಮಾಣಿ ಮುಖ ಮುಖ ನೋಡಿದ.

ಒಂದೂವರೆ ವರ್ಷಕ್ಕೆ ಹೋಗುವವರು ವಾಪಸ್ಸಿನ ಲೆಕ್ಕವನ್ನೂ ಹೋಗುವಾಗಲೇ ಹಾಕಬೇಕು. ಮನೆ ಬಿಡಲು ಸಾಮಾನ್ಯವಾಗಿ ಮೂರು ತಿಂಗಳ ನೋಟೀಸ್, ಅದೂ ಕೈಯಿಂದ ಸಹಿ ಮಾಡಿದ ಕಾಗದದಲ್ಲಿ. ಇಮೇಲ್ ಲೆಕ್ಕಕ್ಕಿಲ್ಲ. ತಿಂಗಳ ಮೂರನೇ ಕೆಲಸದ ದಿನದೊಳಗೆ ಮುಟ್ಟದಿದ್ದರೆ ಇನ್ನೊಂದು ತಿಂಗಳ ಬಾಡಿಗೆ. ಇಂಟರ್ನೆಟ್ ಕರಾರು 24 ತಿಂಗಳಿನದಾಗಿರಬಹುದು, ಸಹಿ ಹಾಕುವ ಮೊದಲು ಓದಿ.

ಉಪ್ಪಿನಕಾಯಿ ಬೇಡ ಅಂತ ನಾನು ಹೇಳುತ್ತಿಲ್ಲ. ಡಿಸೆಂಬರಿನಲ್ಲಿ ನಾಲ್ಕೂವರೆಗೆಲ್ಲ ಕತ್ತಲಾಗುವ ಊರಲ್ಲಿ ಅಪ್ಪೆಮಿಡಿಯ ಒಂದು ಹೋಳು ಏನು ಮಾಡುತ್ತದೆ ಅಂತ ನನಗೂ ಗೊತ್ತು. ಅದಕ್ಕೇ ಆಯಿಗೆ ಎದುರಾಡಲು ಬಾಯಿ ಬರಲಿಲ್ಲ.

ನಾಡಿದ್ದು ವಿಮಾನ. ಮದುವೆ ಪತ್ರ ಬೀರುವಿನಲ್ಲಿ ಎಲ್ಲೋ ಇದೆಯಂತೆ. ತುಪ್ಪದ ಡಬ್ಬಿಗೆ ಮಾತ್ರ ಎರಡು ಸುತ್ತು ಟೇಪ್ ಹಾಕಿ ಆಗಿದೆ.