ಬೋವಿಯ ‘ಬರ್ಲಿನ್’ ಆಲ್ಬಮ್‌ಗಳ ಪ್ರೊಡ್ಯೂಸರ್ ಯಾರು?

ಬ್ರಿಟಿಷ್ ರಾಕ್ ಗಾಯಕ ಡೇವಿಡ್ ಬೋವಿಯ ಮೂರು ‘ಬರ್ಲಿನ್’ ಆಲ್ಬಮ್‌ಗಳನ್ನು ಸಂಗೀತಗಾರ ಬ್ರಯಾನ್ ಈನೋ ಪ್ರೊಡ್ಯೂಸ್ ಮಾಡಿದರು (ಅಂದರೆ ರೆಕಾರ್ಡಿಂಗ್‌ನ ಉಸ್ತುವಾರಿ ನೋಡಿಕೊಂಡರು) ಎಂಬ ಮಾತು ಮತ್ತೆ ಮತ್ತೆ ಓಡಾಡುತ್ತಿದೆ. ಇದು ತಪ್ಪು. ‘ಲೋ’, ‘ಹೀರೋಸ್’ (ಎರಡೂ 1977), ‘ಲಾಡ್ಜರ್’ (1979), ಈ ಮೂರನ್ನೂ ಪ್ರೊಡ್ಯೂಸ್ ಮಾಡಿದವರು ಬೋವಿ ಮತ್ತು ಟೋನಿ ವಿಸ್ಕಾಂಟಿ. ಅಷ್ಟು ದುಡಿದ ವಿಸ್ಕಾಂಟಿಯವರ ಹೆಸರೇ ಮರೆಯಾಗುವುದು ಅನ್ಯಾಯ ಅಲ್ವಾ?

ಈನೋ ಅಲ್ಲಿ ಸಿಂಥಸೈಜರ್ (ಎಲೆಕ್ಟ್ರಾನಿಕ್ ವಾದ್ಯ) ನುಡಿಸಿದರು, ಕೆಲವು ಹಾಡುಗಳನ್ನು ಬೋವಿ ಜೊತೆ ಸೇರಿ ಕಟ್ಟಿದರು. ಅದೇನು ಸಣ್ಣ ಕೆಲಸವಲ್ಲ. ‘ಲೋ’ದಲ್ಲಿರುವ ‘ವಾರ್ಸಾವಾ’ದ ಸಂಗೀತದಲ್ಲಿ ಅವರ ಕೈಯೇ ಜಾಸ್ತಿ. ವಿಸ್ಕಾಂಟಿಯವರ ನಾಲ್ಕು ವರ್ಷದ ಮಗ ಪಿಯಾನೋದಲ್ಲಿ ಸುಮ್ನೆ ಒತ್ತುತ್ತಿದ್ದ ಮೂರು ಸ್ವರಗಳಿಂದ ಅದು ಶುರುವಾಯಿತು. ನನಗಂತೂ ಈ ಕಥೆ ತುಂಬಾ ಇಷ್ಟ.

ಗೊಂದಲಕ್ಕೆ ಕಾರಣವೂ ಇದೆ. ಈನೋ ನಿಜಕ್ಕೂ ದೊಡ್ಡ ಪ್ರೊಡ್ಯೂಸರ್. ರಾಕ್ಸಿ ಮ್ಯೂಸಿಕ್ ಬ್ಯಾಂಡಿನಲ್ಲಿ ಸಿಂಥಸೈಜರ್ ನುಡಿಸುತ್ತಿದ್ದವರು ಎರಡು ಆಲ್ಬಮ್ ಆದ ಮೇಲೆ 1973ರಲ್ಲಿ ಹೊರಬಂದರು. ಆಮೇಲೆ ಟಾಕಿಂಗ್ ಹೆಡ್ಸ್ ಬ್ಯಾಂಡಿನ ಮೂರು ಆಲ್ಬಮ್‌ಗಳನ್ನು ಪ್ರೊಡ್ಯೂಸ್ ಮಾಡಿದರು. ಇನ್ನೊಬ್ಬ ಪ್ರೊಡ್ಯೂಸರ್ ಡೇನಿಯಲ್ ಲನ್ವಾ ಜೊತೆ ಯು ಟೂ ಬ್ಯಾಂಡಿನ ‘ದ ಜೋಶುವಾ ಟ್ರೀ’ (1987) ಕೂಡ. ಬೋವಿಯ ಆಲ್ಬಮ್‌ಗೆ ಅವರು ಸಹ-ಪ್ರೊಡ್ಯೂಸರ್ ಆದದ್ದೂ ನಿಜ, ಆದರೆ ಅದು 1995ರ ‘ಔಟ್‌ಸೈಡ್’.