ಅರ್ಧ ಮನೆ, ಅರ್ಧ ದವಾಖಾನೆ

ಕಲಬುರಗಿಯಲ್ಲಿ ಮನೆ ಕಟ್ಟಿಸುವಾಗ ಹಾಲ್‌ಗೆ ಫಾಲ್ಸ್ ಸೀಲಿಂಗ್ ಮಾಡಿಸಿ, ಎಂಟು ತೂತು ಕೊರೆಸಿ, 50 ವ್ಯಾಟಿನ ಹ್ಯಾಲೊಜೆನ್ ಬಲ್ಬ್ ಕೂರಿಸಿದ್ದು ನಾನೇ. ಯಾರನ್ನೂ ಬೈಯೋ ಹಾಗಿಲ್ಲ. ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ, ಒಳಗೆ ನೆತ್ತಿ ಮೇಲೆ ಎಂಟು ಸಣ್ಣ ಸೂರ್ಯರು.

ಲೆಕ್ಕ ಹಾಕಿದೆ. ದಿನಕ್ಕೆ ಐದು ತಾಸು ಉರಿದರೆ ತಿಂಗಳಿಗೆ 60 ಯೂನಿಟ್. 5 ವ್ಯಾಟಿನ ಎಲ್‌ಇಡಿ ಹಾಕಿದರೆ ಬರೀ 6! ಪ್ರತಿ ಬೇಸಿಗೆ ಗೃಹಜ್ಯೋತಿಯ 200 ಯೂನಿಟ್ ದಾಟಿ ಪೂರ್ತಿ ಬಿಲ್ ಕಟ್ಟೋ ಮನುಷ್ಯ ನಾನು, ಅವತ್ತೇ ಸೂಪರ್ ಮಾರ್ಕೆಟ್‌ಗೆ ಓಡಿದೆ.

ಹಳೇ ಬಲ್ಬ್ ತೆಗೆಯಲು ಫಿಟಿಂಗ್ ಕೆಳಗೆ ಎಳೆದೆ ನೋಡಿ, ಅದರ ಸ್ಪ್ರಿಂಗ್ ಕ್ಲಿಪ್ ಇಲಿ ಬೋನಿನ ಹಾಗೆ ಪಟ್ ಅಂತ ಬೆರಳಿಗೆ ಬಡಿಯಿತು. ನಾನು ಕಿರುಚಿದೆ, ಏಣಿ ಅಲುಗಿತು, ಪಿಒಪಿ ಪುಡಿ ಉದುರಿತು. ಉದುರಿದ್ದು ಎಲ್ಲಿ? ಫ್ಯಾನ್ ಗಾಳಿಗೆ ಅಂತ ಹಾಲ್‌ನಲ್ಲಿ ಕೂತು ಅವ್ವ ಜರಡಿ ಹಿಡಿಯುತ್ತಿದ್ದ ಜೋಳದ ಹಿಟ್ಟಿನ ಪರಾತಕ್ಕೆ. ಎರಡೂ ಬಿಳಿ. ಅವ್ವ ಪರಾತ ನೋಡಿದಳು, ನನ್ನ ನೋಡಿದಳು, ಮತ್ತೆ ಪರಾತ ನೋಡಿದಳು. ರಾತ್ರಿ ಊಟಕ್ಕೆ ಅನ್ನ.

ಸ್ವಿಚ್ ಹಾಕಿದರೆ ಎಂಟೂ ಬಲ್ಬ್ ಮಿಣಮಿಣ. ಜಾತ್ರೆಯ ಸೀರಿಯಲ್ ಸೆಟ್ ಥೇಟ್. ಅಂಗಡಿಯವನ ಜೊತೆ ಜಗಳ ಮಾಡಿ ನಾಲ್ಕು ಬದಲಿಸಿಕೊಂಡು ಬಂದೆ. ಹಳದಿ ಬೆಳಕಿನವು ಖಾಲಿ ಆಗಿದ್ದವು, ಬಿಳಿ ಕೊಟ್ಟ. ಬೆಳಕು ಬೆಳಕೇ ಅಲ್ವಾ ಅಂದುಕೊಂಡೆ. ಅವೂ ಮಿಣಮಿಣ.

ಕೊನೆಗೆ ಎಲೆಕ್ಟ್ರಿಷಿಯನ್ ಬಂದ. ತೂತಿಗೆ ಕೈ ಹಾಕಿ ಒಂದು ಪುಟ್ಟ ಟ್ರಾನ್ಸ್‌ಫಾರ್ಮರ್ ಎಳೆದು ತೋರಿಸಿದ. ಮೇಲೆ 20ರಿಂದ 60 ವ್ಯಾಟ್ ಅಂತ ಬರೆದಿತ್ತು.

“ಸರ್, ಬಲ್ಬ್ ಖರಾಬ್ ಇಲ್ರಿ. ಈ ಡಬ್ಬಿಗಿ ಕಮ್ಮಿ ಅಂದ್ರೂ 20 ವ್ಯಾಟಿನ ಬಲ್ಬ್ ಬೇಕು, ನೀವು 5ರದ್ದು ಹಚ್ಚೀರಿ. ಅರ್ಧ ರೊಟ್ಟಿ ಕೊಟ್ಟು ದಿನಾ ಪೂರ್ತಿ ದುಡಿ ಅಂದ್ರ ಹೆಂಗ್ರಿ?”

ರೊಟ್ಟಿ ಸುದ್ದಿ ಆ ಹೊತ್ತಿಗೆ ಬೇಡವಾಗಿತ್ತು.

ಆ ಡಬ್ಬಿಗಳ ಬದಲು ಎಲ್‌ಇಡಿಗೇ ಹೊಂದುವ ಡಬ್ಬಿ, ಅಂದರೆ ಎಂಟು ಎಲ್‌ಇಡಿ ಡ್ರೈವರ್ ಹಾಕಿಸಿದೆ, ಬಲ್ಬಿಗಿಂತ ಅದಕ್ಕೇ ಜಾಸ್ತಿ ಖರ್ಚು. ಮಿಣಮಿಣ ನಿಂತಿತು. ಈಗ ಟಿವಿ ಕಡೆ ನಾಲ್ಕು ಹಳದಿ, ಬಾಗಿಲ ಕಡೆ ನಾಲ್ಕು ಬಿಳಿ.

“ಏನೋ ತಮ್ಮಾ, ಅರ್ಧ ಮನಿ ದವಾಖಾನಿ ಆಗ್ಯಾದಲ್ಲೋ” ಅಂದಳು ಅವ್ವ.

ಬದಲಿಸಲು ಮೊನ್ನೆ ಏಣಿ ತಂದೆ. ಅವ್ವ ಬಿಡಲಿಲ್ಲ. ತೊಗರಿ ಬೇಳೆಯಲ್ಲಿನ ಹರಳು ಆ ಬಿಳಿ ಬೆಳಕಲ್ಲೇ ಚೆನ್ನಾಗಿ ಕಾಣುತ್ತವಂತೆ. ದಿನಾ ಸಂಜೆ ಮೊರ ಹಿಡಿದು ದವಾಖಾನೆ ಕಡೆಗೇ ಕೂರುತ್ತಾಳೆ. ಏಣಿ ಹೊರಗೆ ಹೋದ ಮೇಲೆ.