ಟಿಕೆಟ್ ಕ್ಲೋಸ್ ಆಗಿದೆ ಸಾರ್

ಬಿಲ್ಡರುಗಳ ಮೇಲಿನ ದೂರು ಕೇಳುವ ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ, ಅಂದರೆ ರೇರಾ, ಆದೇಶ ಕೊಟ್ಟರೂ ಮನೆ ಕೊಂಡವರ ಕೈಗೆ ದುಡ್ಡು ಬಂದಿಲ್ಲ, ನೂರಾರು ಕೋಟಿ ವಸೂಲಿಗೆ ಬಾಕಿ ಎಂಬ ಸುದ್ದಿ ನೀವೂ ಓದಿರುತ್ತೀರಿ. ಓದಿದವರೆಲ್ಲ ಬಿಲ್ಡರುಗಳಿಗೆ ಹಿಡಿಶಾಪ ಹಾಕಿದರು. ನನಗೋ ಅವರ ಮೇಲಿನ ಗೌರವ ಇಮ್ಮಡಿಯಾಯಿತು. ಮನೆ ಕಟ್ಟಲು ಮೇಸ್ತ್ರಿ ಇದ್ದಾನೆ, ಮಾರಲು ಏಜೆಂಟ್ ಇದ್ದಾನೆ, ಸಾಲ ಕೊಡಲು ಬ್ಯಾಂಕಿನವರು ಪಾಯ ತೋಡುವ ಮೊದಲೇ ಬಂದು ಕೂತಿರುತ್ತಾರೆ. ಹಾಗಾದರೆ ಬಿಲ್ಡರ್ ಯಾತಕ್ಕೆ? ಮಾರಿದ ಮೇಲೆ ಬರುವ ಕಂಪ್ಲೇಂಟುಗಳನ್ನು ಸಂಭಾಳಿಸುವುದಕ್ಕೆ! ಆ ವಿದ್ಯೆ ಬೇರೆ ಯಾರಿಗೂ ಒಲಿದಿಲ್ಲ.

ಸೀಪೇಜ್ ಒಂದನ್ನೇ ನೋಡಿ. ಜುಲೈ ತಿಂಗಳಲ್ಲಿ ಬೆಡ್‌ರೂಮಿನ ಗೋಡೆ ಒದ್ದೆಯಾಗುತ್ತದೆ. ಬೀರುವಿನ ಹಿಂದೆ ಪೇಂಟು ಗುಳ್ಳೆಯೆದ್ದು, ಮುಟ್ಟಿದರೆ ಹಪ್ಪಳದಂತೆ ಉದುರುತ್ತದೆ. ಫೋನ್ ಮಾಡಿದರೆ ಸೈಟ್ ಇಂಜಿನಿಯರ್ ಬರುತ್ತಾನೆ. ಬರುವುದೇ ಇಲ್ಲ ಎನ್ನುವುದು ಅಪಪ್ರಚಾರ. ಬಂದು ಅಂಗೈಯಿಂದ ಗೋಡೆ ಸವರುತ್ತಾನೆ, ಬೆರಳ ಗೆಣ್ಣಿನಿಂದ ಟಕ್ ಟಕ್ ತಟ್ಟಿ ಕಿವಿಗೊಡುತ್ತಾನೆ, ನಿಟ್ಟುಸಿರು ಬಿಡುತ್ತಾನೆ. ‘ಈಗ ಮುಟ್ಟೋಕಾಗಲ್ಲ ಸಾರ್. ಮಳೆಗಾಲ ಮುಗೀಲಿ, ಗೋಡೆ ಒಣಗ್ಲಿ, ಆಮೇಲೆ ನೀಟಾಗಿ ಮಾಡಿಸಿಕೊಡ್ತೀನಿ.’ ನ್ಯಾಯವಾದ ಮಾತೇ. ಒದ್ದೆ ಗೋಡೆಗೆ ಪುಟ್ಟಿ ಹಿಡಿಯುತ್ತದೆಯೇ? ಫೆಬ್ರುವರಿಯಲ್ಲಿ ಮತ್ತೆ ಕರೆಯುತ್ತೀರಿ. ಅಷ್ಟರಲ್ಲಿ ಆ ಇಂಜಿನಿಯರ್ ಕೆಲಸ ಬಿಟ್ಟಿರುತ್ತಾನೆ. ಹೊಸಬ ಬಂದು ಅದೇ ರೀತಿ ಸವರಿ, ತಟ್ಟಿ, ನಿಮ್ಮನ್ನೇ ಅನುಮಾನದಿಂದ ನೋಡುತ್ತಾನೆ. ‘ಎಲ್ಲಿ ಸಾರ್ ಲೀಕು? ಗೋಡೆ ಒಣಗಿದೆಯಲ್ಲ!’

ಇದಕ್ಕೆ ಉತ್ತರವಿದ್ದರೆ ದಯವಿಟ್ಟು ಬರೆದು ಕಳಿಸಿ.

ಬಿರುಕಿಗೆ ಬೇರೆ ಮಂತ್ರ. ಅದು ಬಿರುಕೇ ಅಲ್ಲವಂತೆ, ಹೇರ್‌ಲೈನ್. ಹೊಸ ಕಟ್ಟಡ ಅಂದಮೇಲೆ ಸ್ವಲ್ಪ ‘ಸೆಟ್ಲ್’ ಆಗಬೇಕಂತೆ. ಬೆಳಗಾವಿಯಿಂದ ಬಂದವರು ಬೆಂಗಳೂರಿನಲ್ಲಿ ಸೆಟ್ಲ್ ಆದರು, ಕಟ್ಟಡ ಇನ್ನೂ ಆಗಿಲ್ಲ. ಆಮೇಲೆ ಇಂಜಿನಿಯರನ ಕಣ್ಣು ತಿಮ್ಮಪ್ಪನ ಫೋಟೊ ಮೇಲೆ ಬೀಳುತ್ತದೆ. ‘ಇಲ್ಲಿ ಮೊಳೆ ಹೊಡೆಸಿದೀರಾ ಮೇಡಂ?’ ಅಲ್ಲಿಗೆ ಮುಗಿಯಿತು. ಹದಿನಾಲ್ಕು ಮಹಡಿಯ ಟವರಿನ ಬಿರುಕಿಗೆ ನಿಮ್ಮ ಮನೆದೇವರೇ ಕಾರಣ. ಮೊಳೆ ಸಿಗದಿದ್ದರೆ ಮಾಡ್ಯುಲರ್ ಕಿಚನ್ ಇದ್ದೇ ಇದೆ. ಅದೂ ಇಲ್ಲದಿದ್ದರೆ ಮೇಲಿನ ಫ್ಲ್ಯಾಟಿನವರು. ಅವರ ಬಾತ್‌ರೂಮಿನ ಟೈಲ್ಸ್ ಗ್ರೌಟಿಂಗ್ ಹೋಗಿದೆ, ನೀವು ನೀವೇ ಮಾತಾಡಿಕೊಳ್ಳಿ ಎಂದು ಹೇಳಿ ಲಿಫ್ಟ್ ಹತ್ತುತ್ತಾನೆ. ಬಾತ್‌ರೂಮಿನ ಸ್ಲ್ಯಾಬಿಗೆ ವಾಟರ್‌ಪ್ರೂಫಿಂಗ್ ಸರಿಯಾಗಿ ಮಾಡಬೇಕಿದ್ದವರು ಯಾರು ಎಂದು ಕೇಳುವಷ್ಟರಲ್ಲಿ ನಿಮಗೂ ಮೇಲಿನವರಿಗೂ ಮಾತು ಬಿಟ್ಟಿರುತ್ತದೆ. ಎರಡು ಮನೆಯವರು ಜಗಳಕ್ಕೆ ಬಿದ್ದರೆ ಬಿಲ್ಡರನ ಕಡೆ ತಿರುಗಲು ಯಾರಿಗೆ ಪುರಸೊತ್ತು?

ಫೋನ್ ಮಾಡುವ ಕಾಲವೂ ಈಗ ಹೋಯಿತು. ಬಿಲ್ಡರನ ಆಪ್ ಬಂದಿದೆ, ಅದರಲ್ಲಿ ಕಂಪ್ಲೇಂಟಿಗೆ ‘ಟಿಕೆಟ್’ ಅಂತ ಹೆಸರು. ಪ್ಲಂಬಿಂಗ್ ಅಂತ ಒತ್ತಿದರೆ ‘ಇದು ಸಿವಿಲ್’ ಎಂದು ಕ್ಲೋಸ್. ಸಿವಿಲ್ ಅಂತ ಒತ್ತಿದರೆ ‘ಇದು ಪ್ಲಂಬಿಂಗ್’ ಎಂದು ಕ್ಲೋಸ್. ಎರಡು ಸಲ ಕ್ಲೋಸ್ ಆಗಿದ್ದರಿಂದ ಕಂಪನಿಯ ಲೆಕ್ಕದಲ್ಲಿ ಎರಡು ಸಮಸ್ಯೆ ಬಗೆಹರಿದವು.

ಅಂದಹಾಗೆ, ಈ ಅಪಾರ್ಟ್‌ಮೆಂಟುಗಳಿಗೆ ಹೆಸರು ಇಡುವವರು ಯಾರು? ಕನಕಪುರ ರಸ್ತೆಯಲ್ಲಿ ಹೋದರೆ ಇಟಲಿ, ಸರ್ಜಾಪುರದ ಕಡೆ ತಿರುಗಿದರೆ ಸ್ಪೇನು. ಒಳಗೆ ಬ್ಲಾಕುಗಳಿಗೆ ಕಂಡು ಕೇಳರಿಯದ ಹೂವಿನ ಹೆಸರು. ವಿಳಾಸ ಹೇಳಲು ನಮ್ಮ ಹಿರಿಯರು ಕಾಗದದಲ್ಲಿ ಬರೆಸಿಕೊಂಡು ಓಡಾಡುತ್ತಾರೆ, ಆಟೊದವರು ಕೊನೆಗೆ ‘ಆ ಟ್ಯಾಂಕರ್ ನಿಲ್ಲುತ್ತಲ್ಲ, ಅಲ್ಲೇ ತಾನೆ?’ ಎಂದು ಕೇಳಿ ಸರಿಯಾಗಿ ತಂದು ಬಿಡುತ್ತಾರೆ. ಇನ್ನು ‘ಲೇಕ್ ವ್ಯೂ’. ಬೆಳ್ಳಂದೂರು ಕೆರೆಗೆ ಬೆಂಕಿ ಬಿದ್ದಾಗ, ವರ್ತೂರು ಕೆರೆಯ ನೊರೆ ರಸ್ತೆಗೆ ಹಾರಿದಾಗ ಬಾಲ್ಕನಿಯಿಂದ ಪುಕ್ಕಟೆ ನೋಡಿದವರು ಇವರೇ. ಕೊಟ್ಟ ಮಾತಿನಂತೆ ವ್ಯೂ ಕೊಟ್ಟಿದ್ದಾರೆ, ಅದರಲ್ಲಿ ತಕರಾರಿಲ್ಲ.

ಕಾನೂನು ಇಲ್ಲವೇ ಅಂದರೆ, ಇದೆ. 2016ರ ರೇರಾ ಕಾಯ್ದೆಯ 14(3)ನೇ ಸೆಕ್ಷನ್ ಎಷ್ಟು ಸ್ಪಷ್ಟವಾಗಿದೆಯೆಂದರೆ ಓದಿದರೆ ಕಣ್ಣು ತುಂಬಿ ಬರುತ್ತದೆ. ಮನೆ ವಶಕ್ಕೆ ಕೊಟ್ಟ ದಿನದಿಂದ 5 ವರ್ಷದೊಳಗೆ ರಚನೆಯಲ್ಲಾಗಲಿ, ಕೆಲಸದ ಗುಣಮಟ್ಟದಲ್ಲಾಗಲಿ ದೋಷ ಕಂಡು ತಿಳಿಸಿದರೆ, ಬಿಲ್ಡರ್ 30 ದಿನದಲ್ಲಿ ಒಂದು ಪೈಸೆ ಕೇಳದೆ ಸರಿಪಡಿಸಬೇಕು. ಇಲ್ಲದಿದ್ದರೆ ಪರಿಹಾರ ಕೊಡಬೇಕು. ದೂರು ಕೊಟ್ಟರೆ 60 ದಿನದೊಳಗೆ ಪ್ರಾಧಿಕಾರ ಇತ್ಯರ್ಥ ಮಾಡಬೇಕು, ಆಗದಿದ್ದರೆ ಕಾರಣ ಬರೆದಿಡಬೇಕು ಎಂದೂ ಅದೇ ಕಾಯ್ದೆ ಹೇಳುತ್ತದೆ. ಬಿಲ್ಡರುಗಳು ಇದರಲ್ಲಿ 5 ವರ್ಷ ಎಂಬುದನ್ನು ಮಾತ್ರ ಮನಸ್ಸಿಗೆ ತೆಗೆದುಕೊಂಡರು. ಐದು ಮಳೆಗಾಲ, ಐದು ಬೇಸಿಗೆ. ‘ಒಣಗ್ಲಿ ಸಾರ್’ ಐದು ಸಲ, ‘ಒಣಗಿದೆಯಲ್ಲ ಸಾರ್’ ಐದು ಸಲ. ಮುಗಿಯಿತು.

ಅಷ್ಟಾಗಿಯೂ ಕೆಲವು ಹಟಮಾರಿಗಳು ವಕೀಲರನ್ನು ಹಿಡಿದು, ವಿಚಾರಣೆಯಿಂದ ವಿಚಾರಣೆಗೆ ರಜೆ ಹಾಕಿ, ಆದೇಶ ಪಡೆದೇ ಬಿಡುತ್ತಾರೆ. ದುಡ್ಡು ಕೊಡದಿದ್ದರೆ ಭೂಕಂದಾಯದ ಬಾಕಿಯಂತೆ ವಸೂಲು ಮಾಡಬೇಕು. ಕಡತ ಜಿಲ್ಲಾಧಿಕಾರಿ ಕಚೇರಿಗೆ ಹೋಗುತ್ತದೆ, ಅಲ್ಲಿಂದ ತಹಶೀಲ್ದಾರರಿಗೆ. ಅಲ್ಲಿ ಬಿಲ್ಡರನ ಆಸ್ತಿ ಎಲ್ಲಿದೆ ಅನ್ನುವುದೇ ಗೊತ್ತಾಗುವುದಿಲ್ಲವಂತೆ! ಕಚೇರಿಯಿಂದ ಮನೆಗೆ ಹೋಗುವ ದಾರಿಯಲ್ಲಿ ತಲೆಯೆತ್ತಿದರೆ ಅವನ ಮುಂದಿನ ಪ್ರಾಜೆಕ್ಟಿನ ಹೋರ್ಡಿಂಗು ಕಾಣುತ್ತದೆ. ಅದರಲ್ಲಿ ಸೈಟಿಗೆ ಹೋಗುವ ದಾರಿ ಬಾಣದ ಗುರುತು ಸಮೇತ ಇದೆ.

ಇಲ್ಲಿ ನನಗೆ ನಗು ಬರುವುದು ನಿಲ್ಲುತ್ತದೆ. ಇದೇ ಕಂದಾಯ ಇಲಾಖೆಯ ಕೆಳಗೇ ನೋಂದಣಿ ಕಚೇರಿಯೂ ಇದೆ. 45 ಲಕ್ಷ ದಾಟಿದ ಮನೆಗೆ ಶೇ 5 ಮುದ್ರಾಂಕ ಶುಲ್ಕ, ಅದರ ಮೇಲೆ ಸೆಸ್ಸು, ಸರ್ಚಾರ್ಜು. ನೋಂದಣಿ ಶುಲ್ಕ ಶೇ 1 ಇದ್ದದ್ದು 2025ರ ಆಗಸ್ಟ್ 31ರಿಂದ ಶೇ 2. ಬೆಂಗಳೂರಿನಲ್ಲಿ 80 ಲಕ್ಷದ ಫ್ಲ್ಯಾಟಿಗೆ ಇವೆಲ್ಲ ಸೇರಿ 6 ಲಕ್ಷ ಮೀರುತ್ತದೆ. ಅದನ್ನು ಮೊದಲು ಕಟ್ಟದೆ ಅಲ್ಲಿ ನಿಮ್ಮ ಹೆಬ್ಬೆಟ್ಟಿಗೂ ಬೆಲೆಯಿಲ್ಲ. ಮನೆ ಕೊಂಡವನಿಂದ ತೆಗೆದುಕೊಳ್ಳುವಾಗ ಒಂದು ದಿನವೂ ತಡವಾಗದ ಇಲಾಖೆಗೆ, ಅದೇ ಮನುಷ್ಯನಿಗೆ ಕೊಡಿಸುವಾಗ ಮಾತ್ರ ವಿಳಾಸ ಸಿಗುವುದಿಲ್ಲ. ಆ ಮನುಷ್ಯ ಅತ್ತ ಸೋರುವ ಮನೆಗೆ ಇಎಂಐ ಕಟ್ಟುತ್ತಾನೆ, ಇತ್ತ ವಕೀಲರಿಗೆ ಫೀಸು ಕಟ್ಟುತ್ತಾನೆ. ಊರಲ್ಲಿ ಅಪ್ಪ ಮಾರಿದ ಜಮೀನಿನ ದುಡ್ಡೂ ಅದರಲ್ಲಿ ಸೇರಿರುತ್ತದೆ. ಮಗುವಿಗೆ ಬೂಷ್ಟು ಹಿಡಿದ ಗೋಡೆಯ ಪಕ್ಕದಲ್ಲಿ ಮಲಗಿ ಮಲಗಿ ಕೆಮ್ಮು. ಇದನ್ನು ಎಷ್ಟು ಸಲ ಬರೆಯುವುದು, ಯಾರಿಗೆ ಬರೆಯುವುದು? ಸಾಕಾಗಿದೆ.

ಹೋಗಲಿ, ನೆರೆಹೊರೆಯವರಾದರೂ ಜೊತೆಗಿದ್ದಾರೆಯೇ? ನಿಮ್ಮ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒದ್ದೆ ಗೋಡೆಯ ಫೋಟೊ ಒಂದು ಹಾಕಿ ನೋಡಿ. ಗಣೇಶ ಹಬ್ಬದ ಚಂದಾ ಕೇಳಿದರೆ ವಾರಗಟ್ಟಲೆ ಬಾಯಿ ಬಿಡದವರು ನಿಮಿಷದಲ್ಲಿ ಪ್ರತ್ಯಕ್ಷ. ‘ಪ್ಲೀಸ್ ಡಿಲೀಟ್ ಮಾಡಿ. ಹೊರಗೆ ಗೊತ್ತಾದ್ರೆ ರೀಸೇಲ್ ವ್ಯಾಲ್ಯೂ ಬಿದ್ದುಹೋಗುತ್ತೆ.’ ಹೀಗೆ ಬರೆದವರ ಮನೆಯೂ ಸೋರುತ್ತಿರುತ್ತದೆ. ಬಿಲ್ಡರ್ ಸಂಬಳ ಕೊಟ್ಟು ಇಟ್ಟುಕೊಂಡ, ಗಿರಾಕಿಗಳನ್ನು ಸಂಭಾಳಿಸುವ ಸಿಆರ್‌ಎಂ ಹುಡುಗಿಗಿಂತ ನಿಷ್ಠೆಯಿಂದ, ಕೋಟಿ ಕೊಟ್ಟು ಕೊಂಡವರೇ ಅವನ ಕಂಪ್ಲೇಂಟುಗಳನ್ನು ಮುಚ್ಚಿಹಾಕುತ್ತಾರೆ. ಇಂಥ ಗಿರಾಕಿಗಳು ಬೇರೆ ಯಾವ ವ್ಯಾಪಾರಕ್ಕಿದ್ದಾರೆ ಹೇಳಿ.

ಮುಂದೇನಾಗುತ್ತದೆ ಎಂಬುದು ನಿಮಗೇ ಗೊತ್ತು. ಅಕ್ಟೋಬರ್ ಕಳೆಯಲಿ ಎಂದು ಕಾದು, ಪೇಂಟರನ್ನು ಕರೆಸಿ, ಬೀರುವಿನ ಹಿಂದಿನ ಗೋಡೆಗೆ ಎರಡು ಕೋಟ್ ಹೊಡೆಸಿ, ಮಾರಾಟಕ್ಕಿದೆ ಎಂದು ಹಾಕುತ್ತಾರೆ. ‘ಒಳ್ಳೆ ಗಾಳಿ ಬೆಳಕು, ವಾಸ್ತು ಪ್ರಕಾರ, ಫ್ಯಾಮಿಲಿಗೆ ಹೇಳಿ ಮಾಡಿಸಿದ್ದು, ಮಾಲೀಕರು ವಿದೇಶಕ್ಕೆ ಹೋಗುತ್ತಿರುವುದರಿಂದ’. ಮಾಲೀಕರು ಹೋಗುವುದು ಹೆಚ್ಚೆಂದರೆ ಹೆಸರಘಟ್ಟಕ್ಕೆ. 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ, ಕೊಳ್ಳುವವನ ಸಾಮಾನ್ಯ ಎಚ್ಚರಕ್ಕೆ ನಿಲುಕದ, ಮಾರುವವನಿಗೆ ಗೊತ್ತಿರುವ ಮುಖ್ಯ ದೋಷವನ್ನು ಮೊದಲೇ ಹೇಳಬೇಕು. ಬ್ರಿಟಿಷರ ಕಾಲದಿಂದ ಇರುವ ಈ ಮಾತು ಏಷ್ಯನ್ ಪೇಂಟ್ಸ್ ಡಬ್ಬಿಯ ಮುಂದೆ ಯಾವತ್ತಾದರೂ ಗೆದ್ದಿದೆಯೇ?

ಮೊದಲ ಮಳೆಗೆ ಹೊಸ ಮಾಲೀಕರ ಫೋನು ಬರುತ್ತದೆ. ಹಳೆ ಮಾಲೀಕರು ತಡವರಿಸುವುದೇ ಇಲ್ಲ, ವರ್ಷಗಟ್ಟಲೆ ಕೇಳಿ ಬಾಯಿಪಾಠವಾಗಿದೆ. ‘ಹೌದಾ? ನಾವಿದ್ದಾಗ ಹಾಗೇನೂ ಇರ್ಲಿಲ್ಲ ಕಣ್ರೀ. ನೀವೇನಾದ್ರೂ ಮೊಳೆ ಹೊಡೆಸಿದ್ರಾ?’ ಮೇಲಿನ ಮನೆಯವರನ್ನು ಕೇಳಿ, ಅಸೋಸಿಯೇಷನ್‌ಗೆ ಹೇಳಿ, ಒಂದು ಫೋಟೊ ಕಳಿಸಿ. ಎಲ್ಲಕ್ಕೂ ಉತ್ತರ ರೆಡಿ. ಹಾಲಿನ ಸ್ವಿಚ್‌ಬೋರ್ಡಿನಲ್ಲಿ ನಾಲ್ಕನೇ ಸ್ವಿಚ್ಚು ಯಾವುದಕ್ಕೆ ಅಂತ ಕೇಳಿದಾಗ ಮಾತ್ರ ಪಾಪ, ನಿಜ ಹೇಳುತ್ತಾರೆ. ಗೊತ್ತಿಲ್ಲ. ಬಿಲ್ಡರನಿಗೂ ಗೊತ್ತಿರಲಿಲ್ಲ.